ಹಳ್ಳ ಒಪ್ಪಬೇಕಾದ ಪುರಾಣ

(ಮಲೆನಾಡಿನ ಶಿಕ್ಷಕರು ಮತ್ತು ಪರಿಸರಾಸಕ್ತರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಪರಿಷ್ಕರಿಸಿದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾವು ಕುಳಿತಿರುವ ಈ ಸೀಮೆಯಲ್ಲಿ ಕತೆಯಿಲ್ಲದ ನೀರು ಸಿಗುವುದು ಕಷ್ಟ. ತುಂಗೆ ಮತ್ತು ಭದ್ರೆ, ದಣಿದು ಕುಳಿತ ವರಾಹಸ್ವಾಮಿಯ ಎರಡು ಕೋರೆಗಳಿಂದ ಇಳಿದ ಬೆವರು. ಶರಾವತಿ ಹುಟ್ಟುವ ಅಂಬುತೀರ್ಥದಲ್ಲಿ ಸೀತೆಯ ಬಾಯಾರಿಕೆ ತಣಿಸಲು ರಾಮ ನೆಲಕ್ಕೆ ಬಾಣ ಹೂಡಿದ. ತೀರ್ಥಹಳ್ಳಿಯ ರಾಮಕುಂಡದಲ್ಲಿ, ಎಲ್ಲಿ ತೊಳೆದರೂ ಹೋಗದಿದ್ದ ತಾಯಿಯ ರಕ್ತ ಪರಶುರಾಮನ ಕೊಡಲಿಯಿಂದ ಬಿಟ್ಟುಹೋಯಿತೆಂದು ನಂಬಿ ಇಂದಿಗೂ ಎಳ್ಳಮಾವಾಸ್ಯೆಯ ದಿನ ಜನ ಅಲ್ಲಿ ಮುಳುಗು ಹಾಕುತ್ತಾರೆ. ಇವೆಲ್ಲ ನಮಗೆ ಸಿದ್ಧವಾಗಿಯೇ ಸಿಕ್ಕ ಕತೆಗಳಾದ್ದರಿಂದ ಇವುಗಳಿಗೂ ಒಂದು ಮೊದಲ ದಿನ ಇದ್ದಿರಬೇಕೆಂಬುದನ್ನು ನಾವು ಮರೆಯುತ್ತೇವೆ. ಯಾರೋ ಒಬ್ಬರು ಒಂದು ಬಂಡೆಯ ಸೀಳನ್ನು, ಬೇಸಿಗೆಯಲ್ಲೂ ಬತ್ತದ ಒಂದು ಒರತೆಯನ್ನು ಬಹಳ ಹೊತ್ತು ನೋಡಿರಬೇಕು. ಅದು ಹಾಗೇಕಿದೆ ಎಂದು ಕೇಳಿಕೊಂಡಿರಬೇಕು.

ನಾನು ಇಂದು ಮಾತನಾಡಬೇಕೆಂದಿರುವುದು ಆ ದೊಡ್ಡ ಸ್ಥಳಪುರಾಣಗಳ ಬಗ್ಗೆ ಅಲ್ಲ. ಯಾವ ನಕ್ಷೆಯಲ್ಲೂ ಹೆಸರಿಲ್ಲದ, ಮನೆಯ ಹಿಂದಿನ ಹಕ್ಕಲು ದಾಟಿದರೆ ಸಿಗುವ ಸಣ್ಣ ಹಳ್ಳಕ್ಕೆ ಒಬ್ಬನೇ ಒಬ್ಬ ಮನುಷ್ಯ, ಹೆಚ್ಚಾಗಿ ಒಂದು ಮಗು, ತನಗಾಗಿ ಮಾತ್ರ ಕಟ್ಟಿಕೊಳ್ಳುವ ಪುರಾಣದ ಬಗ್ಗೆ. ಇದನ್ನು ಖಾಸಗಿ ಪುರಾಣ ಎಂದು ಕರೆಯೋಣ. ಇದನ್ನು ಸಾಮಾನ್ಯವಾಗಿ ಮಕ್ಕಳ ಹಗಲುಗನಸು ಎಂದು ಬದಿಗೆ ಸರಿಸುತ್ತಾರೆ, ಇಲ್ಲವೇ ಕಲ್ಪನಾಶಕ್ತಿ ಬೆಳೆಸುವ ಚಟುವಟಿಕೆ ಎಂದು ಹೊಗಳುತ್ತಾರೆ. ಎರಡೂ ನನಗೆ ಒಪ್ಪಿಗೆಯಲ್ಲ. ಕಾಡು ಹಳ್ಳಗಳ ನಡುವೆ ಹುಟ್ಟುವ ಖಾಸಗಿ ಪುರಾಣವು ಕಲ್ಪನೆಗಿಂತ ಹೆಚ್ಚಾಗಿ ನೋಟದ ಕೆಲಸ. ಮತ್ತು ಅದಕ್ಕೆ ಬೆಲೆ ಇರುವುದು, ನಾವು ಕಟ್ಟಿದ ಕತೆಯನ್ನು ಆ ಜಾಗವೇ ತಳ್ಳಿಹಾಕಲು ಸಾಧ್ಯವಿರುವ ತನಕ ಮಾತ್ರ. ಇಷ್ಟೇ ನನ್ನ ವಾದ. ಉಳಿದದ್ದು ವಿವರ, ಆದರೆ ಈ ವಿಷಯದ ಸ್ವಾರಸ್ಯವೆಲ್ಲ ವಿವರದಲ್ಲೇ ಇದೆ.

ನಾನು ಬೆಳೆದದ್ದು ಆಗುಂಬೆಯ ಕಡೆಯಿಂದ ಇಳಿದು ಬರುವ ಮಾಲತಿ ನದಿಗೆ ನೀರು ಕೊಡುವ ಒಂದು ಹಳ್ಳದ ಬಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದು ಎಲ್ಲರಿಗೂ ತಿಳಿದದ್ದೇ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ ಎಂಬುದೇ ಹಳ್ಳಗಳ ಮಟ್ಟಿಗೆ ಮುಖ್ಯವಾದ ಸಂಗತಿ. ಹೀಗಾಗಿ ಮಲೆನಾಡಿನ ಹಳ್ಳ ಒಂದೇ ಹಳ್ಳವಲ್ಲ. ಆರಿದ್ರೆ, ಪುನರ್ವಸು ಮಳೆಗಳಲ್ಲಿ ಅದು ಸಂಕ (ಕಾಲುಸೇತುವೆ) ಕೊಚ್ಚಿಕೊಂಡು ಹೋಗುವ ಕೆಂಪು ನೀರು. ಕಾರ್ತಿಕದಲ್ಲಿ ತಳದ ಕಲ್ಲು ಕಾಣುವ ತಿಳಿನೀರು. ಏಪ್ರಿಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ಬಂಡೆಗಳ ನಡುವೆ ಉಳಿದ ಗುಂಡಿಗಳ ಸಾಲು. ಈ ಏರಿಳಿತವನ್ನು ವರ್ಷವಿಡೀ ನೋಡುವ ಮಗುವಿಗೆ, ಇಲ್ಲಿ ಯಾರೋ ಬರುತ್ತಾರೆ, ಯಾರೋ ಹೋಗುತ್ತಾರೆ, ಯಾರೋ ಅಡಗಿ ಕುಳಿತಿದ್ದಾರೆ ಎಂದು ಅನ್ನಿಸದಿದ್ದರೆ ಆಶ್ಚರ್ಯ. ನನ್ನ ಪುರಾಣದಲ್ಲಿ ಇದ್ದ ದೇವತೆಗಳು ಬಹಳವಲ್ಲ. ಇಬ್ಬರು ಮೂವರ ಪರಿಚಯ ಮಾಡಿಕೊಟ್ಟರೆ ನಾನು ಹೇಳುತ್ತಿರುವುದು ಸ್ಪಷ್ಟವಾಗಬಹುದು.

ಹಳ್ಳ ತಿರುಗುವ ಜಾಗದಲ್ಲಿ ಒಂದು ಆಳವಾದ ಮಡು ಇತ್ತು. ಅದರ ಒಂದು ಬದಿಯ ಬಂಡೆಯ ಮೇಲೆ ಬೇಸಿಗೆಯಲ್ಲಿ ಅಡ್ಡ ಗೆರೆಗಳು ಕಾಣುತ್ತಿದ್ದವು. ನೀರು ಇಳಿಯುತ್ತ ಇಳಿಯುತ್ತ ಪ್ರತಿ ಹಂತದಲ್ಲೂ ಬಿಟ್ಟುಹೋದ ಗೆರೆಗಳು ಅವು. ಮಡುವಿನಲ್ಲಿ ಲೆಕ್ಕದಜ್ಜ ಎಂಬುವನಿದ್ದಾನೆ, ಮೇಲಿನಿಂದ ತೇಲಿ ಬಂದ ಎಲೆ, ಹಣ್ಣು, ಸತ್ತ ಏಡಿ, ಮನುಷ್ಯರು ಕಳೆದುಕೊಂಡ ಚಪ್ಪಲಿ ಎಲ್ಲವನ್ನೂ ಆತ ಬರೆದಿಡುತ್ತಾನೆ, ಆ ಗೆರೆಗಳೇ ಅವನ ಕಡತ ಎಂದು ನಾನು ತೀರ್ಮಾನಿಸಿದ್ದೆ. ಈ ಕತೆಯಲ್ಲಿ ಅದ್ಭುತವೇನೂ ಇಲ್ಲ. ಆದರೆ ಅದು ನನ್ನಿಂದ ಒಂದು ಕೆಲಸ ಮಾಡಿಸಿತು: ಹೋದ ವರ್ಷದ ಅತಿ ಮೇಲಿನ ಗೆರೆ ಎಲ್ಲಿತ್ತು, ಈ ವರ್ಷ ಎಲ್ಲಿದೆ ಎಂದು ನಾನು ನೋಡತೊಡಗಿದೆ. ಅಜ್ಜನ ಲೆಕ್ಕ ತಪ್ಪಬಾರದಲ್ಲ! ಮಳೆಮಾಪನವೆಂದರೇನೆಂದು ಶಾಲೆಯಲ್ಲಿ ಹೇಳಿಕೊಡುವ ಮೊದಲೇ, ಒಂದು ಮಳೆಗಾಲ ಇನ್ನೊಂದರಂತಿರುವುದಿಲ್ಲ ಎಂಬುದಕ್ಕೆ ನನ್ನ ಬಳಿ ಬಂಡೆಯ ಮೇಲಿನ ಸಾಕ್ಷಿ ಇತ್ತು.

ಎರಡನೆಯವನು ಸಿಳ್ಳೆಯ ಹುಡುಗ. ಹಳ್ಳದ ಬಳಿ ಬೆಳೆದವರಿಗೆಲ್ಲ ಇವನ ಪರಿಚಯವಿರುತ್ತದೆ, ಏಕೆಂದರೆ ಸಿಳ್ಳಾರ ಹಕ್ಕಿ ಬೆಳಗಿನ ಜಾವ ನೀರಿನ ಸಪ್ಪಳದ ನಡುವಿನಿಂದ ಹಾಡುವಾಗ ಅದು ಹಕ್ಕಿಯ ದನಿಯಂತೆ ಕೇಳುವುದೇ ಇಲ್ಲ. ಹಾಡನ್ನು ಅರ್ಧ ಮರೆತ ಹುಡುಗನೊಬ್ಬ ನೆನಪಿಸಿಕೊಳ್ಳುತ್ತ ಸಿಳ್ಳೆ ಹಾಕಿದಂತೆ ಕೇಳುತ್ತದೆ. ಮೇಲಿನ ಗದ್ದೆಗೆ ನೀರು ಬಿಡಲು ಕಳಿಸಿದ ಹುಡುಗ ಅವನು, ಸಾಕು ಬಾ ಎಂದು ಯಾರೂ ಕರೆಯದಿದ್ದುದರಿಂದ ಅಲ್ಲೇ ಉಳಿದುಬಿಟ್ಟ ಎಂಬುದು ನನ್ನ ಕತೆ. ಕತೆ ಚೆನ್ನಾಗಿಯೇ ಇತ್ತು. ಆದರೆ ಮಳೆಗಾಲ ಕಳೆದು ಚಳಿ ಬಿದ್ದಾಗ ಸಿಳ್ಳೆ ನಿಂತುಹೋಯಿತು. ಸಿಳ್ಳಾರ ಹೆಚ್ಚಾಗಿ ಹಾಡುವುದು ಮರಿ ಮಾಡುವ ಕಾಲದಲ್ಲಿ. ಚಳಿಗಾಲದಲ್ಲಿ ಅದು ಬಹುಮಟ್ಟಿಗೆ ಮೌನಿ. ಆ ಕಾರಣ ನನಗೆ ಆಗ ಗೊತ್ತಿರಲಿಲ್ಲ, ಆದರೆ ಕತೆಗೆ ತೊಡಕಾಯಿತು ಎಂಬುದು ಗೊತ್ತಾಯಿತು. ಹುಡುಗ ಎಲ್ಲಿಗೆ ಹೋದ? ಮನೆಗೆ ಹೋದ ಎಂದರೆ ಮಳೆಗಾಲದಲ್ಲಿ ಮತ್ತೆ ಏಕೆ ಬರುತ್ತಾನೆ? ಕಡೆಗೆ, ನೀರು ಬಿಡುವ ಕೆಲಸವಿರುವ ತನಕ ಮಾತ್ರ ಅವನಿಗೆ ಸಿಳ್ಳೆಯ ಹಕ್ಕು, ಗದ್ದೆ ಕೊಯ್ಲಾದ ಮೇಲೆ ಅವನು ಬಾಯಿಗೆ ಕಲ್ಲು ಹಾಕಿಕೊಂಡು ಕೂರುತ್ತಾನೆ ಎಂದು ತಿದ್ದಿಕೊಂಡೆ. ಹೀಗೆ ತಿದ್ದಿಕೊಳ್ಳುವಾಗ ಹಕ್ಕಿಯನ್ನೇ ಹುಡುಕಿ ನೋಡಬೇಕಾಯಿತು: ಕಪ್ಪು ಮೈ, ಭುಜದ ಮೇಲೆ ಹೊಳೆಯುವ ನೀಲಿ, ಮೌನವಾಗಿದ್ದರೂ ಅದೇ ಹಳ್ಳದ ಅದೇ ಕಲ್ಲಿನ ಮೇಲೆ ಓಡಾಟ. ಕತೆಯನ್ನು ಉಳಿಸಿಕೊಳ್ಳುವ ಹಟವೇ ನನ್ನನ್ನು ಹಕ್ಕಿಯ ಬಳಿಗೆ ಕರೆದೊಯ್ದಿತು.

ಹಳ್ಳ ತಿದ್ದುವುದು ಎಂದು ನಾನು ಹೇಳುವುದು ಇದನ್ನೇ. ಟಿವಿಯಲ್ಲಿ ನೋಡಿದ ರಾಕ್ಷಸನನ್ನು ತಂದು ಹಿತ್ತಲಿನ ಮರದ ಮೇಲೆ ಕೂರಿಸಿದರೆ ಅವನನ್ನು ಆ ಮರ ಏನೂ ಮಾಡಲಾರದು. ಅವನು ಮಳೆಗೆ ನೆನೆಯುವುದಿಲ್ಲ, ಋತು ತಿರುಗಿದರೆ ಬದಲಾಗುವುದಿಲ್ಲ. ಆದರೆ ಬಸರಿ ಮರದಿಂದಲೇ ಹುಟ್ಟಿದ ದೇವತೆಯನ್ನು ಬಸರಿ ಮರ ಪ್ರಶ್ನಿಸುತ್ತಲೇ ಇರುತ್ತದೆ. ನಮ್ಮ ಹಳ್ಳದ ಮೇಲಿನ ದಿಬ್ಬದಲ್ಲಿ ಅಂಥ ಒಬ್ಬಳಿದ್ದಳು, ನೆಂಟಳಾಗಿ ಬಂದವಳು ಎಂದು ಅವಳ ಹೆಸರು. ಹಕ್ಕಿ ಹಾಕಿದ ಬೀಜ ಇನ್ನೊಂದು ಮರದ ಕವಲಿನಲ್ಲಿ ಮೊಳೆತು, ಬೇರು ಕೆಳಗಿಳಿಸಿ, ಆ ಬೇರುಗಳೇ ಹೆಣೆದುಕೊಂಡು ಆಶ್ರಯ ಕೊಟ್ಟ ಮರವನ್ನು ಒಳಗೇ ಮುಗಿಸುವ ಬಗೆಯನ್ನು ನೀವೆಲ್ಲ ಕಂಡಿದ್ದೀರಿ. ಅವಳು ಕ್ರೂರಿ ಎಂಬ ಕತೆಯನ್ನು ಕಟ್ಟುವುದು ಸುಲಭ. ಆದರೆ ಅವಳ ಹಣ್ಣಿನ ಕಾಲದಲ್ಲಿ ಮಂಗಟ್ಟೆ, ಕುಟ್ರ, ಕಾಮಳ್ಳಿ, ಮಂಗ, ರಾತ್ರಿಯಲ್ಲಿ ಬಾವಲಿ, ನೆಲಕ್ಕೆ ಬಿದ್ದದ್ದಕ್ಕೆ ಕಾಡುಹಂದಿ, ಹೀಗೆ ಇಡೀ ಕಾನು (ದಟ್ಟ ಕಾಡು) ಅವಳ ಅಂಗಳಕ್ಕೆ ಉಣ್ಣಲು ಬರುತ್ತಿತ್ತು. ಕೊಂದವಳೂ ಅವಳೇ, ಉಣಿಸುವವಳೂ ಅವಳೇ ಎಂಬಲ್ಲಿಗೆ ನನ್ನ ಪುರಾಣ ಬಂದು ನಿಂತಿತು. ದೊಡ್ಡ ಪುರಾಣಗಳ ದೇವಿಯರೂ ಹಾಗೆಯೇ ಇದ್ದಾರೆಂದು ಆಮೇಲೆ ಓದಿ ತಿಳಿದೆ. ಅವರನ್ನು ಕಲ್ಪಿಸಿದವರ ಎದುರಿಗೂ ಇಂಥದೊಂದು ಮರ ಇದ್ದಿರಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಕತೆಗೂ ಪುರಾಣಕ್ಕೂ ನಾನು ಕಾಣುವ ವ್ಯತ್ಯಾಸ ಕಟ್ಟಳೆಯದು. ಕತೆ ಕೇಳಿ ಎದ್ದು ಹೋಗಬಹುದು. ಪುರಾಣ ಏನನ್ನಾದರೂ ಮಾಡು, ಏನನ್ನಾದರೂ ಮಾಡಬೇಡ ಎನ್ನುತ್ತದೆ. ಲೆಕ್ಕದಜ್ಜನ ಮಡುವಿಗೆ ಕಲ್ಲು ಎಸೆಯುವಂತಿರಲಿಲ್ಲ, ಏಕೆಂದರೆ ಲೆಕ್ಕ ಕದಡುತ್ತದೆ. ಮೃಗಶಿರದ ಮೊದಲ ಏರುನೀರಿಗೆ ಹತ್ತುಮೀನು, ಅಂದರೆ ನೀರಿಗೆ ಎದುರಾಗಿ ಹತ್ತಿ ಬರುವ ಮೀನು, ಗದ್ದೆಯ ಕಡೆಗೆ ಏರುವಾಗ ಊರಿನವರೆಲ್ಲ ಮೀನು ಹಿಡಿಯುವ ಕೂಣಿ ಹಾಕುತ್ತಿದ್ದರು, ನಮ್ಮ ಮನೆಯವರೂ ಹಾಕುತ್ತಿದ್ದರು. ಮೊದಲು ಬಿದ್ದ ಮೀನನ್ನು ನಾನು ಯಾರಿಗೂ ಕಾಣದಂತೆ ನೀರಿಗೆ ಬಿಡುತ್ತಿದ್ದೆ, ಅದು ಅಜ್ಜನಿಗೆ ಸುದ್ದಿ ಒಯ್ಯುವ ಮೀನು. ಈ ಕಟ್ಟಳೆಗಳನ್ನು ನನಗೆ ಯಾರೂ ವಿಧಿಸಿರಲಿಲ್ಲ, ಮುರಿದಿದ್ದರೆ ಕೇಳುವವರೂ ಇರಲಿಲ್ಲ. ಹೀಗೆ ತಾನೇ ವಿಧಿಸಿಕೊಂಡು ತಾನೇ ಪಾಲಿಸುವ ನಿಷೇಧಗಳು ಇಲ್ಲದಿದ್ದಲ್ಲಿ ಖಾಸಗಿ ಪುರಾಣ ಇನ್ನೂ ಹುಟ್ಟಿಲ್ಲ ಎಂದೇ ನನ್ನ ಅಭಿಪ್ರಾಯ.

ಊರ ಪುರಾಣಗಳೂ ಕಟ್ಟಳೆಯಿಂದಲೇ ಕೆಲಸ ಮಾಡಿದವು. ಕೊಡಗಿನಲ್ಲಿ ಇಂದಿಗೂ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಬೇಟೆಯ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ, ಕೊಡಲಿ ಒಳಗೆ ಹೋಗುವಂತಿಲ್ಲ. ಸಿದ್ದಾಪುರ, ಸೊರಬ, ಸಾಗರಗಳ ಕಾನುಗಳಲ್ಲಿ ಚೌಡಿಯೋ ಜಟಕನೋ ಹುಲಿದೇವರೋ ಒಂದು ಮರದ ಬುಡದ ಕಲ್ಲಾಗಿ ಕುಳಿತು ಕಾಡು ಕಾದರು. ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವಸ್ಥಾನದ ಮುಂದಿನ ಹೊಳೆಗೆ ಬಲೆ ಬೀಳದಿರುವುದಕ್ಕೆ ಮೀನುಗಳು ದೇವರವು ಎಂಬ ಒಂದು ಮಾತೇ ಸಾಕಾಗಿದೆ. ಆದರೆ ಈಚಿನ ದಶಕಗಳಲ್ಲಿ ಅನೇಕ ಕಡೆ ನಡೆದಿರುವುದನ್ನು ಗಮನಿಸಿ. ಮರದ ಬುಡದಲ್ಲಿ ಮಳೆಗೆ ನೆನೆಯುತ್ತಿದ್ದ ಕಲ್ಲಿಗೆ ಮೊದಲು ತಗಡಿನ ಮಾಡು ಬರುತ್ತದೆ, ಆಮೇಲೆ ಸಿಮೆಂಟಿನ ಗುಡಿ, ಆಮೇಲೆ ಗುಡಿಗೆ ರಸ್ತೆ, ಪಾಕಶಾಲೆ, ವಾಹನ ನಿಲ್ಲಿಸಲು ಜಾಗ. ಚೌಡಿ ಈಶ್ವರಿಯಾಗುತ್ತಾಳೆ, ಅವಳ ಮೂಲ ಮನೆಯಾಗಿದ್ದ ಕಾಡು ಅವಳ ಜೀರ್ಣೋದ್ಧಾರಕ್ಕಾಗಿಯೇ ಕರಗುತ್ತದೆ. ಭಕ್ತಿ ಕಡಿಮೆಯಾಗಿ ಹೀಗಾದದ್ದಲ್ಲ, ಬಹುಶಃ ಹೆಚ್ಚಾಗಿಯೇ ಆದದ್ದು. ಕಡಿದದ್ದು ಕತೆಗೂ ಜಾಗಕ್ಕೂ ಇದ್ದ ನಂಟು. ದೇವತೆಗೆ ಎಲ್ಲಿಗೆ ಬೇಕಾದರೂ ಸಲ್ಲುವ ಒಂದು ಸಿದ್ಧ ಪುರಾಣ ಸಿಕ್ಕಿತು. ಆ ಮರ, ಆ ಒರತೆ ಇಲ್ಲದೆಯೂ ಅವಳು ಇರಬಲ್ಲಳಾದಳು. ಇದನ್ನು ನೋಡಿದ ಮೇಲೆ, ಜಾಗಕ್ಕೆ ಉತ್ತರಿಸಬೇಕಾದ ಒಂದು ಸಣ್ಣ ಪುರಾಣ ಒಬ್ಬೊಬ್ಬರ ಒಳಗೂ ಇರುವುದು ಬರೀ ಮಕ್ಕಳಾಟವಲ್ಲ ಎಂದು ನನಗೆ ಇನ್ನಷ್ಟು ಗಟ್ಟಿಯಾಗಿ ಅನ್ನಿಸಿದೆ.

ವಿಜ್ಞಾನ ಕಲಿಸುವ ಶಿಕ್ಷಕರು ಇಲ್ಲಿದ್ದೀರಿ. ಇಂಥ ಪುರಾಣ ವಿಜ್ಞಾನಕ್ಕೆ ಅಡ್ಡ ಬರುತ್ತದೆಯೇ ಎಂಬ ಅನುಮಾನ ನಿಮಗಿರಬಹುದು. ಎರಡು ಕಪ್ಪೆಗಳ ಮಾತು ಹೇಳುತ್ತೇನೆ. ಘಟ್ಟದ ಹಳ್ಳಗಳಲ್ಲಿ ಕುಣಿಯುವ ಕಪ್ಪೆಗಳಿವೆ. ಒಂದರ ಹೆಸರೇ ಘಟ್ಟದ ಊರಾದ ಕೊಟ್ಟಿಗೆಹಾರದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ ಅದನ್ನು 1937ರಲ್ಲಿ ವರ್ಣಿಸಿದರು. 2014ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಇದೇ ಗುಂಪಿನ 14 ಹೊಸ ಪ್ರಭೇದಗಳನ್ನು ಒಟ್ಟಿಗೆ ಪ್ರಕಟಿಸಿದರು. ಹರಿವ ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವ ಕಡೆ ಗಂಡು ಕಪ್ಪೆ ಒದ್ದೆ ಕಲ್ಲಿನ ಮೇಲೆ ಕುಳಿತು ಹಿಂಗಾಲನ್ನು ಚಾಚಿ, ಪಾದದ ಜಾಲ ಬಿಡಿಸಿ ಬೀಸುತ್ತದೆ. ಅದೇ 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಕುಂಬಾರ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದರು. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಡೆ, ಜೌಗಿನಲ್ಲಿ ಮಂಡಿ ಮಡಿಸಿದ ಹಾಗೆ ಬೇರುಗಳು ಮೇಲೆದ್ದು ಉಸಿರಾಡುವ ಆ ಕಾಡಿನ ತೊರೆಯಲ್ಲಿ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಕಪ್ಪೆ ಮುಂಗೈಗಳಿಂದ ಕೆಸರು ಮೊಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ನೀರಿನಲ್ಲಿ ಒಬ್ಬ ಕುಂಬಾರನಿದ್ದಾನೆ, ಅವನು ರಾತ್ರಿ ಮಾತ್ರ ಕೆಲಸ ಮಾಡುತ್ತಾನೆ ಎಂದು ನಾನು ಬಾಲ್ಯದಲ್ಲಿ ಹೇಳಿದ್ದರೆ ನನ್ನ ಅಣ್ಣಂದಿರು ನಗುತ್ತಿದ್ದರು. ಆ ಕಪ್ಪೆಯ ಹೆಸರನ್ನು ಆರಿಸಿದ ವಿಜ್ಞಾನಿಗಳೂ ಮೊದಲು ಒಂದು ಮೂರ್ತಿಯನ್ನೇ ಕಂಡಿರಬೇಕು. ಅವರು ಅಲ್ಲಿಗೇ ನಿಲ್ಲದೆ ಅಳೆದರು, ದನಿ ಮುದ್ರಿಸಿದರು, ಹೋಲಿಸಿದರು. ಆ ಮುಂದಿನ ಹೆಜ್ಜೆಗಳು ನನ್ನಂಥವರಿಂದ ಆಗುವಂಥವಲ್ಲ. ಆದರೆ ಕತ್ತಲಲ್ಲಿ ಹಳ್ಳದ ಬದಿಯಲ್ಲಿ ಉಂಬಳ (ಜಿಗಣೆ) ಕಚ್ಚಿಸಿಕೊಂಡು ಸುಮ್ಮನೆ ಕೂರುವ ಮೊದಲ ಹೆಜ್ಜೆ ಇಬ್ಬರದೂ ಒಂದೇ.

ಖಾಸಗಿ ಪುರಾಣ ಖಾಸಗಿಯಾಗಿಯೇ ಉಳಿಯಬೇಕೆಂದೇನೂ ಇಲ್ಲ. ಈ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಂತು ಕುಪ್ಪಳಿಯನ್ನು ನೆನೆಯದೆ ಈ ಮಾತು ಆಡಲಾಗದು. ಮನೆಯ ಹಿಂದಿನ ಗುಡ್ಡವನ್ನು ಹತ್ತಿ ಕೂರುತ್ತಿದ್ದ ಹುಡುಗನೊಬ್ಬ ಆ ಬಂಡೆಯ ತಾಣವನ್ನು ಕವಿಶೈಲ ಎಂದು ಕರೆದ. ಇಂದು ಆ ಹೆಸರು ರಸ್ತೆಬದಿಯ ಫಲಕದ ಮೇಲಿದೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಮಾಧಿಯೂ ಅಲ್ಲಿಯೇ ಇದೆ. ಅವರ ರಾಮಾಯಣದ ಕಾಡು ಮಲೆನಾಡಿನ ಕಾಡು ಎಂಬುದನ್ನು ವಿಮರ್ಶಕರು ಎಷ್ಟೋ ಬಾರಿ ಹೇಳಿದ್ದಾರೆ. ನನಗೆ ಅದರಲ್ಲಿ ಕುತೂಹಲಕಾರಿಯಾಗಿ ಕಾಣುವುದು ಒಂದೇ: ಇಡೀ ದೇಶಕ್ಕೆ ಸೇರಿದ ಕತೆಯೊಂದನ್ನು ತನ್ನ ಮನೆಯ ಹಿಂದಿನ ಕಾಡಿನ ಪರೀಕ್ಷೆಗೆ ಒಡ್ಡಿದ ಆ ಧೈರ್ಯ. ಅಲ್ಲಿಗೆ ಬಂದ ರಾಮನೂ ಇಲ್ಲಿನ ಮಳೆಯಲ್ಲೇ ನೆನೆಯಬೇಕಾಯಿತು.

ಊರು ಬಿಟ್ಟು ಬೆಂಗಳೂರು ಸೇರಿದವರಿಗೆ ಇದರಿಂದ ಏನು ಬಂತು ಎಂದು ಕೇಳಬಹುದು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂಬ ಪ್ರತೀತಿಯಿರುವ ವೃಷಭಾವತಿಗೆ ಕಡಲೆಕಾಯಿ ಹೊಲದ, ಹೋರಿಯ, ಕಲ್ಲಾದ ಬಸವನ ಪುರಾಣವೇ ಇದೆ. ಕಾರ್ತಿಕದ ಪರಿಷೆಗೆ ಇಂದಿಗೂ ಲಕ್ಷಾಂತರ ಜನ ಬರುತ್ತಾರೆ. ಪರಿಷೆಯಲ್ಲಿ ಕಡಲೆಕಾಯಿ ಕೊಂಡವರಲ್ಲಿ ಎಷ್ಟು ಮಂದಿ ಮೈಸೂರು ರಸ್ತೆಯ ಪಕ್ಕದಲ್ಲಿ ನೊರೆಯೆಬ್ಬಿಸಿ ಹರಿಯುವ ಆ ಕಪ್ಪು ನೀರನ್ನು ಅದೇ ಕತೆಯ ಪಾತ್ರವೆಂದು ಗುರುತಿಸುತ್ತಾರೆ? ನೀರು ಕೊಳೆತರೂ ಕತೆ ನಿರ್ಮಲವಾಗಿಯೇ ಉಳಿದಿರುವುದರಿಂದ ಕತೆಯಿಂದ ನೀರಿಗೆ ಯಾವ ಸಹಾಯವೂ ಆಗುತ್ತಿಲ್ಲ. ರಾಜಕಾಲುವೆಯ ಪಕ್ಕದಲ್ಲಿ ಬೆಳೆಯುವ ಮಗು ತನ್ನ ಪುರಾಣ ಕಟ್ಟಿಕೊಳ್ಳುವುದಾದರೆ ಅದರಲ್ಲಿ ನೊರೆ ಇರಬೇಕು, ವಾಸನೆ ಇರಬೇಕು, ಮಳೆ ಬಂದ ರಾತ್ರಿ ಮನೆಯೊಳಗೆ ನುಗ್ಗುವ ನೀರಿನ ಸಿಟ್ಟು ಇರಬೇಕು. ಅಂಥ ಪುರಾಣ ಚೆಂದವಾಗಿರಲಾರದು. ಆದರೆ ನಿಜವಾದ ನೀರಿನ ಮುಂದೆ ಅದು ನಿಲ್ಲುತ್ತದೆ.

ಮಾತು ಮುಗಿದ ಮೇಲೆ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆಗೆ ಅಂದು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಇದನ್ನು ಹೇಗೆ ಕಲಿಸಬೇಕು, ನಿಮ್ಮ ಲೆಕ್ಕದಜ್ಜನ ಕತೆಯನ್ನೇ ತರಗತಿಯಲ್ಲಿ ಹೇಳಬಹುದೇ ಎಂಬುದು ಅವರ ಪ್ರಶ್ನೆ. ದಯವಿಟ್ಟು ಬೇಡ ಎಂದೆ. ಮಳೆಗಾಲದ ಹಳ್ಳಕ್ಕೆ ಮಕ್ಕಳು ಒಬ್ಬರೇ ಹೋಗಬಾರದು, ಮೇಲೆ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ, ಹಾವಿರುವ ಕಡೆ ಬರಿಗೈ ಹಾಕಬಾರದು, ಇಷ್ಟನ್ನು ದೊಡ್ಡವರು ಕಲಿಸಲೇಬೇಕು. ಅದರಾಚೆಗೆ ಬೇಕಾದದ್ದು ಹೊತ್ತು, ಮತ್ತು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಅವಕಾಶ. ಪ್ರತಿ ವಾರ ಹೊಸ ಜಲಪಾತಕ್ಕೆ ಕರೆದೊಯ್ದರೆ ಫೋಟೊ ಸಿಗುತ್ತದೆ, ಪುರಾಣ ಸಿಗುವುದಿಲ್ಲ.

ನನ್ನ ತಂಗಿಯ ಮಗಳು ಈಗ ಅದೇ ಹಳ್ಳದ ಬಳಿ ಬೆಳೆಯುತ್ತಿದ್ದಾಳೆ. ಮಡುವಿನ ಅಜ್ಜನ ವಿಷಯವನ್ನು ನಾನು ಅವಳಿಗೆ ಹೇಳಿಲ್ಲ. ಕೆಲವು ವರ್ಷಗಳ ಹಿಂದೆ ಮಡುವಿನ ಕೆಳಗೆ ಕಾಂಕ್ರೀಟಿನ ಒಂದು ಕಿರು ಒಡ್ಡು ಕಟ್ಟಿದ್ದಾರೆ. ಆಮೇಲೆ ಬಂಡೆಯ ಗೆರೆಗಳು ಮೊದಲಿನಂತೆ ಏಳುತ್ತಿಲ್ಲ, ನೀರು ಬೇಸಿಗೆಯ ಅರ್ಧದ ತನಕ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಅವಳ ಪುರಾಣದಲ್ಲಿ ಆ ಒಡ್ಡಿಗೆ ಪಾತ್ರವಿದೆ: ಅದು ನೀರನ್ನು ಹಿಡಿದಿಟ್ಟುಕೊಂಡು ಸುಂಕ ಕೇಳುವ ಒಬ್ಬ ಕಾವಲುಗಾರ. ಜೂನ್‌ನಲ್ಲಿ ಮೀನುಗಳು ಅವನನ್ನು ದಾಟಲಾರದೆ ಒಡ್ಡಿನ ಕೆಳಗೆ ಗುಂಪುಗೂಡುವುದನ್ನು ಅವಳು ನೋಡಿದ್ದಾಳೆ, ನೀರು ಎಷ್ಟು ಏರಿದಾಗ ಅವು ಅಂಚಿನ ಮೇಲಿಂದ ದಾಟಿಹೋಗುತ್ತವೆ ಎಂಬುದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಮಾಡಿದ್ದಾಳೆ. ಒಡ್ಡು ಕಟ್ಟಿದವರು ಮೀನಿಗೆ ದಾರಿ ಬಿಟ್ಟಿಲ್ಲ ಎಂದು ಪಂಚಾಯಿತಿಯವರಿಗೆ ಹೇಳಬೇಕೆಂಬುದು ಈಗ ಅವಳ ಹಟ. ಆ ಇದ್ದಿಲಿನ ಗುರುತುಗಳನ್ನು ಅಳತೆಪಟ್ಟಿ ಹಿಡಿದು ಕಾಗದಕ್ಕೆ ಇಳಿಸಿಕೊಡುವ ಕೆಲಸವನ್ನು ನನಗೆ ಒಪ್ಪಿಸಿದ್ದಾಳೆ.